ನಾಲ್ಕು ಅಂದರೆ ನಾಲ್ಕೇ

ನಮ್ಮ ಜನ ಹೇಳುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ ಎಂದು ಯಾರಾದರೂ ಆಡಿಕೊಂಡರೆ ನನಗೆ ಮೊದಲು ಸಿಟ್ಟು ಬರುತ್ತಿತ್ತು. ಹನ್ನೊಂದಕ್ಕೆ ಸತ್ಯನಾರಾಯಣ ಪೂಜೆ ಎಂದು ಕರೆಯುವವರಿಗೂ ಗೊತ್ತು, ಹೋಗುವವರಿಗೂ ಗೊತ್ತು, ಹನ್ನೊಂದು ಎಂಬುದು ಗಡಿಯಾರದ ಮಾತಲ್ಲ. ಬೆಳಿಗ್ಗೆ ತಿಂಡಿ ಹಗುರವಾಗಿರಲಿ, ಮಧ್ಯಾಹ್ನದ ಊಟ ನಮ್ಮಲ್ಲೇ ಎಂಬುದಕ್ಕೆ ಅದೊಂದು ಸೂಚನೆ, ಅಷ್ಟೆ. ಕರೆದವರು, ಹೋದವರು ಇಬ್ಬರೂ ಒಪ್ಪಿಕೊಂಡ ಮೇಲೆ ಅದು ತಡ ಹೇಗಾಗುತ್ತದೆ? ಮೈಸೂರಿನಿಂದ ಹೊತ್ತು ತಂದ ಈ ಸಿದ್ಧಾಂತವನ್ನು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಮನೆ ಮಾಡಿದ ಮೇಲೂ ನಾನು ಕೈಬಿಡಲಿಲ್ಲ. ತಮಾಷೆಯೆಂದರೆ ನಮ್ಮ ಸುತ್ತಮುತ್ತ ಇರುವವರೆಲ್ಲ ಆಕಾಶಕ್ಕೆ ರಾಕೆಟ್ ಹಾರಿಸುವ ಲೆಕ್ಕಾಚಾರದವರು. ನಾನೂ ಅಂಥದೇ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವವನು. ಆಫೀಸಿನಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಕೆಂಪು ಗುರುತು ಹಾಕುವ ನಾನು, ಪಾರ್ಕಿಂಗ್ ಲಾಟ್‌ಗೆ ಬಂದ ಕೂಡಲೇ ಮತ್ತೆ ಮೈಸೂರಿನವನಾಗಿಬಿಡುತ್ತಿದ್ದೆ.

ಮನೆಯಲ್ಲಿ ಇದಕ್ಕೆ ಒಗ್ಗಿಕೊಂಡಿದ್ದರು. ನನ್ನ ಹೆಂಡತಿ ಸುಮಂಗಲಾ ಧಾರವಾಡದವಳು, ಶಿಸ್ತಿನವಳು. ಮದುವೆಯಾದ ಹೊಸದರಲ್ಲಿ ಜಗಳವಾಡಿದಳು, ಆಮೇಲೆ ಸುಮ್ಮನಾದಳು, ಆಮೇಲೆ ತನ್ನದೇ ಒಂದು ದಾರಿ ಕಂಡುಕೊಂಡಳು. ನಾನು ಆರಕ್ಕೆ ಬರುತ್ತೇನೆ ಎಂದರೆ ಕುಕ್ಕರನ್ನು ಏಳೂವರೆಗೆ ಇಡುತ್ತಿದ್ದಳು. ಒಂದು ದಿನ ಗ್ರಹಚಾರ ಕೆಟ್ಟು ನಿಜವಾಗಿಯೂ ಆರಕ್ಕೆ ಬಂದಾಗ, "ಅಯ್ಯ, ಅನ್ನ ಇನ್ನೂ ಆಗಿಲ್ಲಲ್ರಿ, ಯಾಕ ಲಗೂನ ಬಂದ್ರಿ?" ಎಂದು ನನ್ನನ್ನೇ ಗದರಿಸಿದಳು. ಮಗಳು ಅದಿತಿ ಆಸ್ಟಿನ್‌ನಲ್ಲಿ ಓದುತ್ತಾಳೆ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಫೋನಿನಲ್ಲಿ "ಹನ್ನೆರಡಕ್ಕೆ ಬರ್ತೀನಿ ಪುಟ್ಟಾ" ಎಂದರೆ ಅವಳು, "ಓಕೆ ಅಪ್ಪಾ, ವಾಟ್ಸ್ ದಟ್ ಇನ್ ರಿಯಲ್ ಟೈಮ್?" ಎನ್ನುತ್ತಿದ್ದಳು. ಮೂವರೂ ನಗುತ್ತಿದ್ದೆವು. ಯಾರಿಗೂ ಏನೂ ನಷ್ಟವಿರಲಿಲ್ಲ.

ಈ ನೆಮ್ಮದಿಯನ್ನು ಹಾಳು ಮಾಡಿದ್ದು ರಮಾನಂದರ ದೋಣಿ. ರಮಾನಂದರು ಉಡುಪಿಯವರು, ಮಕ್ಕಳ ಡಾಕ್ಟರು, ಇರುವುದು ಹ್ಯೂಸ್ಟನ್ನಿನ ಇನ್ನೊಂದು ಅಂಚಿನ ಫುಲ್‌ಶೀರ್‌ನಲ್ಲಿ. ಅಲ್ಲಿ ಬಡಾವಣೆಯೂ ಹೊಸದು, ಮರಗಳೂ ಹೊಸವು. ನೀರು ಬೇಕೆಂದರೆ ಬಡಾವಣೆಯವರೇ ತೋಡಿಸಿದ ಒಂದು ಕೊಳ, ನಡುವೆ ಕಾರಂಜಿ. ಚಿಕ್ಕಂದಿನಿಂದ ಕಡಲು ನೋಡಿ ಬೆಳೆದವರಿಗೆ ಕಾರಂಜಿ ಎಲ್ಲಿ ಸಾಲುತ್ತದೆ? ಒಂದು ದಿನ ಯಾರಿಗೂ ಹೇಳದೆ ಹಳೆಯದೊಂದು ಮೋಟರ್ ದೋಣಿ ಕೊಂಡರು. ಕೊಂಡದ್ದನ್ನು ತಂದು ನಮ್ಮ ಕ್ಲಿಯರ್ ಲೇಕ್‌ನ ದೋಣಿಕಟ್ಟೆಯಲ್ಲಿ ಕಟ್ಟಿದರು. ಅಲ್ಲಿಂದ ಒಂದು ಸೇತುವೆ ದಾಟಿದರೆ ಸಮುದ್ರದ ಕೊಲ್ಲಿ. ಅಂದಿನಿಂದ ದೋಣಿ ಅವರದು, ಚಿಂತೆ ನನ್ನದು. ಗಾಳಿ ಬೀಸಿದರೆ ಫೋನು: "ಮಾರಾಯ್ರೆ, ಹಗ್ಗ ಸಮ ಉಂಟಾ ಅಂತ ಒಂಚೂರು ನೋಡಿ ಬನ್ನಿ." ಮಳೆ ಬಂದರೆ ಇನ್ನೊಂದು ಫೋನು. ಯಾರದೋ ಮನೆಯ ಹಸುವನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದ ಹಾಗಾಗಿತ್ತು.

ರಮಾನಂದರ ಇನ್ನೊಂದು ಗುಣವನ್ನೂ ಇಲ್ಲೇ ಹೇಳಿಬಿಡಬೇಕು. ಅವರಿಗೆ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕಿತ್ತರೆ ಜೀವ ಕಿತ್ತಷ್ಟು ಸಂಕಟ. ಅವರ ಮನೆಯ ರಿಮೋಟುಗಳೆಲ್ಲ ಇನ್ನೂ ಅಂಗಡಿಯಿಂದ ಬಂದ ಉಡುಪಿನಲ್ಲೇ ಇವೆ. ಸೋಫಾದ ಮೇಲೆ ಕೂತರೆ ಪರಪರ ಸದ್ದಾಗುತ್ತದೆ. ದೋಣಿಗೆಂದು ಕೊಂಡ ಜೀವರಕ್ಷಕ ಜಾಕೆಟ್ಟುಗಳೂ, ಕಷ್ಟದಲ್ಲಿ ಸಹಾಯಕ್ಕೆ ಕರೆಯುವ ಕೈ ರೇಡಿಯೋ ಕೂಡ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗೆ ಮಲಗಿದ್ದವು. "ಹಾಳಾಗ್ಬಾರ್ದು ನೋಡಿ, ಉಪ್ಪುನೀರು" ಎನ್ನುತ್ತಿದ್ದರು.

ರಮಾನಂದರಿಗೆ ರಜೆ ಸಿಗುವುದು ಚಳಿಗಾಲದಲ್ಲಿ. ಚಳಿಗಾಲದಲ್ಲೇ ಕೊಲ್ಲಿಗೆ ಹೋಗೋಣ ಎಂದು ಅವರು ಹೊರಟಾಗ ಸುಮಂಗಲಾ ಅಡ್ಡ ನಿಂತಳು. ಟೆಕ್ಸಾಸ್‌ನಲ್ಲಿ ಚಳಿಯೇ ಎಂದು ನೀವು ನಗಬಹುದು, ನಾನೂ ನಕ್ಕೆ. ವರ್ಷದಲ್ಲಿ ಬಹುಪಾಲು ದಿನ ಬೇಯುವ ಊರಿದು. ಆದರೆ ಉತ್ತರದ ಗಾಳಿ ಒಮ್ಮೆ ನುಗ್ಗಿತೆಂದರೆ ಕೊಲ್ಲಿಯ ನೀರಿಗೆ ಕೈ ಅದ್ದಿದವರು ತಮ್ಮ ಬೆರಳು ಇದೆಯೋ ಇಲ್ಲವೋ ಎಂದು ಎಣಿಸಿಕೊಳ್ಳಬೇಕು. "ತಣ್ಣೀರಾಗ ಬಿದ್ರ ಏನು ಮಾಡಬೇಕು ಅಂತ ಇಬ್ಬರಿಗೂ ಗೊತ್ತಿಲ್ಲ. ಮೊದಲ ಕಲ್ತು ಬರ್ರಿ, ಆಮ್ಯಾಲ ದೋಣಿ" ಎಂದಳು. ಹೇಳಿ ಬಿಡುವವಳಲ್ಲ. ದೋಣಿಕಟ್ಟೆಯಲ್ಲೇ ನಡೆಯುವ ತಣ್ಣೀರಿನ ತರಬೇತಿಗೆ ಮೂವರ ಹೆಸರನ್ನೂ ಕೊಟ್ಟುಬಂದಳು. "ನಿನಗ್ಯಾಕೆ?" ಎಂದೆ. "ನೀವು ಏನು ಕಲೀತೀರಿ ಅಂತ ಯಾರರೆ ನೋಡಬೇಕಲ್ರಿ" ಎಂದಳು.

ಕಲಿಸುವಾಕೆಯ ಹೆಸರು ಡೋನಾ. ಬೆಳ್ಳಿ ಕೂದಲು, ಬಿಸಿಲಿಗೆ ಕಂದಿದ ಮುಖ, ದೊಡ್ಡ ನಗು. ಎಲ್ಲರೂ ಮಿಸ್ ಡೋನಾ ಎನ್ನುತ್ತಿದ್ದರು. ಓದುವ ಭಾಗ ನಮಗೆ ನೀರು ಕುಡಿದಷ್ಟು ಸುಲಭ. ಪರೀಕ್ಷೆ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಂಥವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇವೆ. ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನ ಕೆಳಗಿರಬಾರದು. ಈಜಲು ಒದ್ದಾಡಬೇಡಿ, ಮೊದಲು ತೇಲುತ್ತ ಉಸಿರು ಹಿಡಿತಕ್ಕೆ ತನ್ನಿ. ಕೈಬೆರಳು ಸೋಲುವ ಮೊದಲೇ ಮಾಡಬೇಕಾದ್ದನ್ನು ಮಾಡಿ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಎದೆಗೆ ಎದೆ ಕೊಟ್ಟು ಗುಂಪಾಗಿ ಅಪ್ಪಿಕೊಳ್ಳಿ. ಎಲ್ಲವನ್ನೂ ನಾನೂ ರಮಾನಂದರೂ ಒಂದಕ್ಷರ ಬಿಡದೆ ಒಪ್ಪಿಸಿದೆವು. ರಮಾನಂದರು ಒಂದು ಹೆಜ್ಜೆ ಮುಂದೆ ಹೋಗಿ ಮಿಸ್ ಡೋನಾಗೇ ರಕ್ತನಾಳಗಳ ಬಗ್ಗೆ ಪಾಠ ಮಾಡಿದರು. ಆಕೆ ಪೂರ್ತಿ ಕೇಳಿಸಿಕೊಂಡು, "ಬಹಳ ಚೆನ್ನಾಗಿ ಹೇಳಿದಿರಿ ಡಾಕ್ಟರ್. ಈಗ ಹಾರಿ" ಎಂದರು.

ಹಾರಿದೆವು. ಹಾರಿದೆವು ಎನ್ನುವುದಕ್ಕಿಂತ ರಮಾನಂದರು ಹಾರಿದರು, ನಾನು ಯೋಚಿಸುತ್ತಿರುವಾಗ ಹಿಂದಿನಿಂದ ಸುಮಂಗಲಾಳ ಕೈ ತಗುಲಿತು. ಆಕಸ್ಮಿಕವೆಂದು ಅವಳು ಇಂದಿಗೂ ವಾದಿಸುತ್ತಾಳೆ. ಹಬ್ಬದ ದಿನ ಹಂಡೆಯ ಬಿಸಿನೀರು ಹುಯ್ಯಿಸಿಕೊಂಡು ಬೆಳೆದ ಮೈಯಿದು. ಮೊದಲ ಕ್ಷಣ ಕಲಿತದ್ದೆಲ್ಲ ಮರೆತು ಕುಲದೇವರನ್ನು ಕೂಗಬೇಕೆಂದುಕೊಂಡೆ. ದೇವರ ಹೆಸರಿನ ಮೊದಲಕ್ಷರ ಹೊರಡುವಷ್ಟೂ ಉಸಿರಿರಲಿಲ್ಲ. ಆಮೇಲೆ ಜಾಕೆಟ್ಟು ಮೇಲೆತ್ತಿತು. ಪಕ್ಕದಲ್ಲಿ ರಮಾನಂದರು ಹಲ್ಲು ಕಟಕಟಿಸುತ್ತ ತೇಲುತ್ತಿದ್ದರು, ಅವರ ಭುಜದ ಮೇಲೆ ಕೀಳದೆ ಉಳಿದ ಪ್ಲಾಸ್ಟಿಕ್ಕಿನ ಚೂರು ಪಟಪಟ ಹೊಡೆದುಕೊಳ್ಳುತ್ತಿತ್ತು. ನಾವಿಬ್ಬರು, ನಮ್ಮೊಡನೆ ಕಲಿಯಲು ಬಂದಿದ್ದ ದಾಡಿಯ ಒಬ್ಬ ಲಾರಿ ವ್ಯಾಪಾರಿ, ಮೂವರೂ ಅಪ್ಪಿಕೊಂಡೆವು. ಇಷ್ಟು ವರ್ಷದ ಸ್ನೇಹದಲ್ಲಿ ನಾನು ರಮಾನಂದರನ್ನು ಅಪ್ಪಿಕೊಂಡದ್ದು ಅದೇ ಮೊದಲು. ನಮ್ಮಲ್ಲಿ ಅದು ರೂಢಿಯಿಲ್ಲ. ಬೆಚ್ಚಗಿತ್ತು.

ಎಲ್ಲ ಮುಗಿದು ಕಂಬಳಿ ಹೊದ್ದು ಕಾಫಿ ಹಿಡಿದು ಕೂತಾಗ ಕೊನೆಯ ಪಾಠ ಬಂತು. ನೀರಿಗಿಳಿಯುವ ಮೊದಲು ದಡದಲ್ಲಿರುವ ಒಬ್ಬರಿಗೆ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಹೇಳಿರಬೇಕು. ಆ ಹೊತ್ತಿಗೆ ಬರದಿದ್ದರೆ ಅವರು ರಕ್ಷಣಾ ದಳಕ್ಕೆ ಫೋನ್ ಮಾಡಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಂಬಿದ ಅಜ್ಜಿಯ ಮೊಮ್ಮಗ ನಾನು. ಕೇಳಿಸಿಕೊಳ್ಳಬಾರದೆಂದೇ ಹಿಂಬಾಗಿಲಿನಿಂದ ಹೊರಟ ನೆನಪೂ ಇದೆ. ಆದರೂ ಪಾಠವೆಂದ ಮೇಲೆ ತಲೆಯಾಡಿಸಿದೆ. ಮಿಸ್ ಡೋನಾ ನನ್ನನ್ನು ಕೇಳಿದರು: "ನಿಮ್ಮ ದಡದ ಮನುಷ್ಯ ಯಾರು?" ಹೆಮ್ಮೆಯಿಂದ ಹೆಂಡತಿಯನ್ನು ತೋರಿಸಿದೆ. ಆಕೆ ಸುಮಂಗಲಾಳ ಕಡೆ ತಿರುಗಿದರು. "ಇವರು ನಾಲ್ಕಕ್ಕೆ ಬರ್ತೀನಿ ಅಂದರೆ ನೀವು ಎಷ್ಟು ಹೊತ್ತಿಗೆ ಫೋನ್ ಮಾಡ್ತೀರಿ?"

ಸುಮಂಗಲಾ ಪ್ರಾಮಾಣಿಕಳು. ಒಂದು ಗಳಿಗೆಯೂ ಯೋಚಿಸದೆ, "ಆರು. ಆರೂವರೆ ಅಂದರೂ ನಡೆದೀತು" ಎಂದಳು.

ತರಗತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಿಸ್ ಡೋನಾ ನಗಲಿಲ್ಲ. "ನೀವು ಈಗ ತಾನೇ ಆ ನೀರಿನಲ್ಲಿದ್ದಿರಿ," ಎಂದರು ನನಗೆ. "ಅದರಲ್ಲಿ ಆರೂವರೆವರೆಗೆ ಕಾಯ್ತೀರಾ?" ನಗು ನಿಂತಿತು. ಸುಮಂಗಲಾಳ ಮುಖ ನೋಡಿದೆ. ಅವಳು ನಗುವುದನ್ನು ನನಗಿಂತ ಮೊದಲೇ ನಿಲ್ಲಿಸಿದ್ದಳು. ಉಳಿದವರಿಗೆಲ್ಲ ಅಂದೇ ಪ್ರಮಾಣಪತ್ರ ಸಿಕ್ಕಿತು. ನನಗೆ ಮಾತ್ರ, "ನಿಮ್ಮ ಗಂಟೆಯನ್ನು ನಂಬಬಹುದು ಅಂತ ನಿಮ್ಮ ಹೆಂಡತಿ ನನಗೆ ಫೋನ್ ಮಾಡಿದ ದಿನ ಕೊಡ್ತೀನಿ" ಎಂದರು. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಫೇಲಾಗದವನು ಹೀಗೆ ಗಡಿಯಾರದಲ್ಲಿ ಫೇಲಾದೆ.

ಆಗ ಶುರುವಾಯಿತು ನನ್ನ ವನವಾಸ. ಹೇಳಿದ ಹೊತ್ತಿಗೆ ಹೋಗುವುದೆಂದರೆ ನಮ್ಮ ಜನರ ನಡುವೆ ಎಂಥ ಅಪರಾಧವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಹನ್ನೊಂದಕ್ಕೆ ಪೂಜೆ ಎಂದವರ ಮನೆಗೆ ಹನ್ನೊಂದಕ್ಕೆ ಹೋದೆ. ಪುರೋಹಿತರು ಬಂದಿರಲಿಲ್ಲ, ಯಜಮಾನರು ಬಚ್ಚಲಲ್ಲಿದ್ದರು. ಮನೆಯಾಕೆ ಗಾಬರಿಯಲ್ಲಿ ನನ್ನ ಕೈಗೆ ಮೂರು ತೆಂಗಿನಕಾಯಿ ಕೊಟ್ಟು ತುರಿಯಲು ಕೂರಿಸಿದರು. ಆಸ್ಟಿನ್‌ಗೆ ಹನ್ನೆರಡಕ್ಕೆ ಬರುತ್ತೇನೆಂದು ಹನ್ನೆರಡಕ್ಕೇ ಬಾಗಿಲು ಬಡಿದಾಗ ಅದಿತಿ ನಿದ್ದೆಗಣ್ಣಿನಲ್ಲಿ ಬಂದು, ನನ್ನನ್ನು ಕಂಡು ಬಿಳಿಚಿಕೊಂಡು, "ಅಪ್ಪಾ! ಇಸ್ ಅಮ್ಮಾ ಓಕೆ?" ಎಂದಳು.

ಎಲ್ಲಕ್ಕಿಂತ ದೊಡ್ಡ ಅವಮಾನವಾದದ್ದು ಡಲ್ಲಾಸಿನಲ್ಲಿ. ಅಲ್ಲಿಯ ಇರ್ವಿಂಗ್‌ನಲ್ಲಿ ಸುಮಂಗಲಾಳ ಸೋದರತ್ತೆಯ ಮಗನ ಮನೆಯಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ, ನಾಲ್ಕು ಗಂಟೆಗೆ. ಅಷ್ಟು ದೂರ ಡ್ರೈವ್ ಮಾಡಿ ನಾಲ್ಕಕ್ಕೇ ಕರೆಗಂಟೆ ಒತ್ತಿದೆವು. ಬಾಗಿಲು ತೆರೆದವನು ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದ. "ಭಾವಾ, ಇವತ್ತೇ ಬಂದ್ರಾ?" ಎಂದ. ಇವತ್ತೇ ತಾನೇ ಹುಟ್ಟುಹಬ್ಬ ಎಂದು ನಾನು ಕೇಳಲಿಲ್ಲ. ಸುಮಂಗಲಾಳನ್ನು ಅಡುಗೆಮನೆಗೆ ಎಳೆದುಕೊಂಡರು. ನನಗೆ ಒಂದು ಪಂಪು, ಒಂದು ಚೀಲ ಬಲೂನು. ಆರು ದಾಟಿ ಬಂದ ಅತಿಥಿಗಳಲ್ಲಿ ಒಬ್ಬರು ನಾನು ಕಟ್ಟಿದ ಕಮಾನನ್ನು ಮೆಚ್ಚಿ, ಮೆಲ್ಲಗೆ ಪಕ್ಕಕ್ಕೆ ಕರೆದು, "ನಮ್ಮನೇಲೂ ಮುಂದಿನ ತಿಂಗಳು ಫಂಕ್ಷನ್ ಇದೆ. ನಿಮ್ಮ ಕಾರ್ಡ್ ಇದ್ರೆ ಕೊಡಿ" ಎಂದರು. ವಾಪಸು ಬರುವ ದಾರಿಯುದ್ದಕ್ಕೂ ಸುಮಂಗಲಾ ನಕ್ಕಳು. ನಕ್ಕು ಸುಸ್ತಾದ ಮೇಲೆ ಕಿಟಕಿಯ ಹೊರಗೆ ನೋಡುತ್ತ, "ಆದ್ರೂ ಹೇಳಿದ ಟೈಮಿಗೆ ಹೋದಿರಿ ನೋಡ್ರಿ" ಎಂದಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಅವಳು ಮಿಸ್ ಡೋನಾಗೆ ಫೋನ್ ಮಾಡಿದಳು, ನನ್ನ ಪ್ರಮಾಣಪತ್ರ ಬಂತು. ಆದರೂ ನನಗೊಂದು ಅನುಮಾನ ಉಳಿದೇ ಇತ್ತು. ಇವಳು ನಿಜವಾಗಿ ನಂಬಿ ಫೋನ್ ಮಾಡಿದಳೋ, ಗಂಡನ ಮರ್ಯಾದೆ ಉಳಿಸಲು ಮಾಡಿದಳೋ? ಕೇಳುವ ಧೈರ್ಯವಾಗಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ನಾನೂ ರಮಾನಂದರೂ ಹೊರಟೆವು. ಪುಳಿಯೋಗರೆಯ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ, ಮೈಮೇಲೆ ಜಾಕೆಟ್ಟು. "ಸೇತುವೆ ದಾಟಿ ಕೊಲ್ಲಿಯ ಎಡಮಗ್ಗುಲು, ಹಳೆಯ ಕಂಬಗಳ ಹತ್ತಿರ. ನಾಲ್ಕಕ್ಕೆ ವಾಪಸು" ಎಂದೆ ಸುಮಂಗಲಾಗೆ. ಅವಳು ದೋಣಿಕಟ್ಟೆಯ ಬೆಂಚಿನ ಮೇಲೆ ಕೂತು ಹೆಣಿಗೆ ತೆಗೆದಳು. "ನಾಕಕ್ಕ" ಎಂದಳು. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ.

ಹೋಗುವಾಗ ಎಲ್ಲ ಸರಿಯಿತ್ತು. ಪುಳಿಯೋಗರೆ ಖಾಲಿಯಾಗುವ ಹೊತ್ತಿಗೆ ಮಂಜು ಬಂತು. ಬಂತು ಎನ್ನುವಷ್ಟು ಕೂಡ ಸಮಯ ಕೊಡಲಿಲ್ಲ. ಕಂಬಗಳು ಕಾಣುತ್ತಿದ್ದವು, ಆಮೇಲೆ ಕಾಣಲಿಲ್ಲ. ರಮಾನಂದರು ಎಂಜಿನ್ ಚಾಲು ಮಾಡಲು ಹೋದರು. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಕ್ಕಳ ಕೆಮ್ಮಿಗೆ ಔಷಧಿ ಕೊಡುವವರಿಗೆ ಇದರ ಕೆಮ್ಮು ತಿಳಿಯಲಿಲ್ಲ. ಲಂಗರು ಇಳಿಸಲು ಬಗ್ಗಿದಾಗ ನನ್ನ ಜೇಬಿನ ಫೋನು ಜಾರಿ ಲಂಗರಿಗಿಂತ ಮೊದಲೇ ತಳ ಸೇರಿತು. ರಮಾನಂದರ ಫೋನು ಕಾರಿನಲ್ಲಿತ್ತು. ಒಂದು ದಿನವಾದರೂ ಯಾರ ಮಗುವಿನ ಜ್ವರದ ಕರೆಯೂ ಬರಬಾರದೆಂದು ಅವರೇ ಇಟ್ಟುಬಂದಿದ್ದರು. ಉಳಿದದ್ದು ಕೈ ರೇಡಿಯೋ. ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಕಚ್ಚಿ ಹರಿದೆವು. ಒಳಗೆ ರೇಡಿಯೋ ಹೊಳೆಯುತ್ತಿತ್ತು, ಒಂದು ಗೀರೂ ಇರಲಿಲ್ಲ. ಒಂದು ಸಲವೂ ಚಾರ್ಜ್ ಮಾಡಿರಲಿಲ್ಲ.

ಮಂಜಿನೊಳಗೆ ಎಲ್ಲೋ ದೊಡ್ಡ ಹಡಗೊಂದು ಗುಟುರು ಹಾಕಿತು. ಅದು ಹಾದುಹೋದ ಮೇಲೆ ಬಂದ ಅಲೆ ನಮ್ಮ ದೋಣಿಯನ್ನು ಎತ್ತಿ ಕುಕ್ಕಿ, ಇಬ್ಬರನ್ನೂ ತಲೆಯಿಂದ ಕಾಲವರೆಗೆ ತೋಯಿಸಿತು. ಆ ತಣ್ಣೀರಿನ ಗುರುತು ನನಗೆ ಚೆನ್ನಾಗಿ ಸಿಕ್ಕಿತು. ನಿಜ ಹೇಳುತ್ತೇನೆ, ಭಯವಾಯಿತು. ಇನ್ನೊಂದು ಅಂಥ ಅಲೆ ಬಂದರೆ ನಾವು ದೋಣಿಯಲ್ಲಿರುತ್ತೇವೆಯೇ ಎಂಬುದೇ ಗೊತ್ತಿರಲಿಲ್ಲ. ಯಾರೂ ಹೇಳದಿದ್ದರೂ ಇಬ್ಬರೂ ದೋಣಿಯ ತಳದಲ್ಲಿ ಕೂತು ಎದೆಗೆ ಎದೆ ಕೊಟ್ಟು ಅಪ್ಪಿಕೊಂಡೆವು.

"ನಿಮ್ಮ ಮನೆಯವರಿಗೆ ಎಷ್ಟು ಗಂಟೆ ಅಂತ ಹೇಳಿದ್ದೀರಿ?" ಎಂದು ನನ್ನ ಕಿವಿಯ ಹತ್ತಿರ ರಮಾನಂದರು ಕೇಳಿದರು.

"ನಾಲ್ಕು."

"ಅಂದರೆ ನಾಲ್ಕಾ, ಆರೂವರೆಯಾ ಮಾರಾಯ್ರೆ?" ಎಂದರು.

ಕೈಗಡಿಯಾರ ನೋಡಿದೆ, ನಾಲ್ಕಾಗಿತ್ತು. ದಡದಲ್ಲಿ ಅವಳು ಹೆಣಿಗೆಯಿಂದ ತಲೆಯೆತ್ತಿ, ಇವರು ಈಗಲೇ ಎಲ್ಲಿ ಬರುತ್ತಾರೆ ಎಂದು ಇನ್ನೊಂದು ಸಾಲು ಹೆಣೆಯುವುದು ಕಣ್ಣಿಗೆ ಕಟ್ಟಿತು. ಎಷ್ಟು ಸಲ ಆರಿದ ಅನ್ನದ ಮುಂದೆ ಕೂತಿದ್ದಳು ಅವಳು! ಒಂದು ತಿಂಗಳ ತೆಂಗಿನಕಾಯಿ ತುರಿ, ಒಂದು ಚೀಲ ಬಲೂನು, ಇಷ್ಟರ ಬಲದ ಮೇಲೆ ಅವಳು ನನ್ನ ನಾಲ್ಕನ್ನು ನಾಲ್ಕೆಂದೇ ನಂಬಬೇಕು. ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಅವಳು ನಂಬಲಿ ಎಂದು ದೇವರನ್ನು ಕೇಳಿಕೊಂಡೆ. ಈ ಸಲ ಉಸಿರಿತ್ತು.

ರಮಾನಂದರು ಎರಡನೆಯ ಸಲ ದೋಣಿ ಮಾರಿಬಿಡುತ್ತೇನೆಂದು ಆಣೆ ಹಾಕುತ್ತಿರುವಾಗ ಮಂಜಿನಲ್ಲಿ ಒಂದು ದೀಪ ಕಂಡಿತು. ಹೆಸರು ಹಿಡಿದು ಕೂಗಿದರು. ಕನ್ನಡದ ಹೆಸರನ್ನು ಅಷ್ಟು ಕೆಟ್ಟದಾಗಿ ಯಾರೂ ಕೂಗಿರಲಿಲ್ಲ, ಅಷ್ಟು ಇಂಪಾಗಿಯೂ ಕೇಳಿರಲಿಲ್ಲ. ರಕ್ಷಣಾ ದೋಣಿಗೆ ನಮ್ಮನ್ನು ಹತ್ತಿಸಿಕೊಂಡ ಹೆಂಗಸು ಕಂಬಳಿ ಹೊದಿಸುತ್ತ ಹೇಳಿದಳು: "ನಾಲ್ಕು ಹೊಡೆದ ಮರುನಿಮಿಷವೇ ನಿಮ್ಮ ಹೆಂಡತಿ ಫೋನ್ ಮಾಡಿದರು. ಸ್ವಲ್ಪ ಕಾದು ನೋಡೋಣವೇ, ಮಂಜಿನಿಂದ ತಡವಾಗಿರಬಹುದು ಅಂತ ನಾವು ಕೇಳಿದೆವು. ಇಲ್ಲ, ಅವರು ಎಂದೂ ತಡ ಮಾಡುವವರಲ್ಲ ಅಂದರು."

ರಮಾನಂದರು ನನ್ನ ಕಡೆ ನೋಡಿದರು. ನಾನು ಮಂಜಿನ ಕಡೆ ನೋಡಿದೆ. ಕಣ್ಣು ತೇವವಾಗಿದ್ದರೆ ಅದಕ್ಕೆ ಉಪ್ಪುನೀರು ಕಾರಣವೆಂದು ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

ದೋಣಿಕಟ್ಟೆಯಲ್ಲಿ ಸುಮಂಗಲಾ ನಿಂತಿದ್ದಳು. ಹೆಣಿಗೆಯ ಉಂಡೆ ಬಿಚ್ಚಿಕೊಂಡು ಬೆಂಚಿನಿಂದ ಅವಳ ಕಾಲವರೆಗೆ ಬಂದಿತ್ತು. ಎಲ್ಲರೆದುರಿಗೆ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತರಬೇತಿಯಲ್ಲಿ ಕಲಿತದ್ದು, ತಪ್ಪೇನಿಲ್ಲ. "ಅವರು ಎಂದೂ ತಡ ಮಾಡೋದಿಲ್ಲ ಅಂತ ಹೇಳಿದೆಯಂತೆ?" ಎಂದೆ. "ಮತ್ತ ಏನು ಹೇಳಲಿ? ಇಪ್ಪತ್ತು ವರ್ಷದ ಕಥಿ ಹೇಳ್ಕೋತ ಕೂತಿದ್ರ ಅವರು ದೋಣಿ ತೆಗೀತಿದ್ರೇನು?" ಎಂದಳು. ಆಮೇಲೆ, ನನ್ನ ತೋಯ್ದ ಜಾಕೆಟ್ಟಿನೊಳಗೆ ಮುಖವಿಟ್ಟು, "ನಾಕಾತು, ನೀವು ಬರಲಿಲ್ಲ. ಮೊದಲಿನ ಹಂಗ ಇದ್ದಿದ್ರ ಆರಾಮ ಕೂತಿರ್ತಿದ್ದೆ. ಈಗ ನಂಬೀನಲ್ರಿ, ಅದಕ್ಕ ಎದಿ ಒಡದಂಗಾತು" ಎಂದಳು. ಜೀವನದಲ್ಲಿ ನನಗೆ ಸಿಕ್ಕ ಪ್ರಮಾಣಪತ್ರಗಳಲ್ಲಿ ಅದನ್ನೇ ದೊಡ್ಡದೆಂದು ಇಂದಿಗೂ ಎಣಿಸುತ್ತೇನೆ.

ರಮಾನಂದರು ದೋಣಿ ಮಾರಲಿಲ್ಲ. ಎಂಜಿನ್ ಹೊಸದಾಗಿ ಹಾಕಿಸಿದ್ದಾರೆ, ಅದರ ಮೇಲಿನ ಪ್ಲಾಸ್ಟಿಕ್ ಅಂಗಡಿಯವರೇ ಕಿತ್ತು ಕಳಿಸಿದರಂತೆ. ರೇಡಿಯೋ ಈಗ ನಮ್ಮ ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಚಾರ್ಜ್ ಆಗುತ್ತಿರುತ್ತದೆ.

ನನ್ನ ಪಾಡು ಮಾತ್ರ ಬದಲಾಗಿದೆ. ನಂಬಿಕೆ ಎಂಬುದು ನಾಲ್ಕು ಗಂಟೆಗೆ ಮಾತ್ರ, ಕೊಲ್ಲಿಯ ನೀರಿಗೆ ಮಾತ್ರ ಎಂದುಕೊಂಡಿದ್ದೆ. ಹಾಗಲ್ಲವಂತೆ. ಮೊನ್ನೆ ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದು ಕೊತ್ತಂಬರಿ ಸೊಪ್ಪು ತರಲು ಇಂಡಿಯನ್ ಅಂಗಡಿಗೆ ಹೋದೆ. ಹತ್ತು ನಿಮಿಷ ಎಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕರು, ಊರಿನ ಸುದ್ದಿ ಬಂತು, ಬದನೆಕಾಯಿಯ ರಾಶಿಗೆ ಒರಗಿಕೊಂಡು ಮಾತಿಗೆ ಆಗಷ್ಟೇ ಕುದುರಿಕೊಳ್ಳುತ್ತಿದ್ದೆವು, ನನ್ನ ಹೊಸ ಫೋನು ಬಡಿದುಕೊಂಡಿತು.

"ಹತ್ತು ನಿಮಿಷ ಆತು," ಎಂದಳು ಸುಮಂಗಲಾ. ದನಿ ಶಾಂತವಾಗಿತ್ತು. "ಅರಾಮ ಇದ್ದೀರೋ, ರಕ್ಷಣಾ ದಳಕ್ಕ ಫೋನ್ ಹಚ್ಚಲೋ?"

ಊರಿನ ಸುದ್ದಿಯನ್ನು ಅರ್ಧದಲ್ಲೇ ಬಿಟ್ಟು ಓಡಿ ಬಂದೆ. ಮನೆಗೆ ಬಂದ ಮೇಲೆ ನೋಡಿಕೊಂಡರೆ ಕೈಯಲ್ಲಿ ಕೊತ್ತಂಬರಿ ಸೊಪ್ಪು ಇರಲಿಲ್ಲ. ಮತ್ತೆ ಹೋಗಿ ತರುತ್ತೇನೆ ಎಂದೆ. "ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿದಳು. ನಾನು ಬಹಳ ಹೊತ್ತು ಯೋಚಿಸಿ, ಕೊತ್ತಂಬರಿ ಇಲ್ಲದ ಸಾರೇ ನನಗೆ ಹೆಚ್ಚು ಇಷ್ಟವೆಂದು ಹೇಳಿ ಊಟಕ್ಕೆ ಕೂತೆ.